ಆಟಿ ಅಮಾವಾಸ್ಯೆಯ ಕಹಿ

ಆಯುರ್ವೇದ ನನಗೆ ಮೊದಲು ಸಿಕ್ಕಿದ್ದು ಪುಸ್ತಕದಲ್ಲಲ್ಲ, ಬಂಟ್ವಾಳದ ಕಡೆಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಹಿತ್ತಾಳೆಯ ಲೋಟದಲ್ಲಿ. ತುಳುವರ ಮಳೆಗಾಲದ ತಿಂಗಳಾದ ಆಟಿಯ ಅಮಾವಾಸ್ಯೆಯ ದಿನ ಅಪ್ಪ ಬೆಳಕು ಹರಿಯುವ ಮೊದಲೇ ಮಳೆಯಲ್ಲಿ ಗುಡ್ಡ ಹತ್ತಿ, ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ಎಬ್ಬಿಸಿ ತರುತ್ತಿದ್ದರು. ಕತ್ತಿ ತಾಗಿಸಬಾರದು ಎಂಬುದು ಕಟ್ಟುನಿಟ್ಟು. ಅಮ್ಮ ಅದನ್ನು ಓಮ, ಬೆಳ್ಳುಳ್ಳಿ, ಕಾಳುಮೆಣಸಿನ ಜೊತೆ ಅರೆದು ಹಿಂಡಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಆ ರಸಕ್ಕೆ ಹಾಕುತ್ತಿದ್ದರು. ಚುಂಯ್ ಎಂಬ ಆ ಸದ್ದಿಗೇ ನನ್ನ ಬಾಯಿ ಕಹಿಯಾಗುತ್ತಿತ್ತು.

ನಾವು ಅದನ್ನು ಕಷಾಯ ಎನ್ನುತ್ತೇವೆ. ಆಯುರ್ವೇದದ ಲೆಕ್ಕದಲ್ಲಿ ಹಸಿಯಾಗಿ ಹಿಂಡಿದ್ದು ಸ್ವರಸ, ಅರೆದ ಮುದ್ದೆ ಕಲ್ಕ, ನೀರಿನಲ್ಲಿ ಕುದಿಸಿ ಬತ್ತಿಸಿದ್ದು ಕ್ವಾಥ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದ್ದು ಹಿಮ, ಬಿಸಿನೀರು ಹೊಯ್ದು ಸೋಸಿದ್ದು ಫಾಂಟ. ಗಿಡ ಒಂದೇ ಆದರೂ ತಯಾರಿಸುವ ಬಗೆ ಬದಲಾದರೆ ಅದರ ಬಲವೂ ಪ್ರಮಾಣವೂ ಬದಲಾಗುತ್ತವೆ. ಈ ಸೂಕ್ಷ್ಮ ತಿಳಿದ ಮೇಲೆಯೇ ನನಗೆ ಈ ವಿದ್ಯೆಯ ಮೇಲೆ ನಿಜವಾದ ಗೌರವ ಹುಟ್ಟಿತು.

ಆಟಿಯಲ್ಲೇ ಏಕೆ? ಆಯುರ್ವೇದದ ಹಳೆಯ ಗ್ರಂಥವಾದ ವಾಗ್ಭಟನ ಅಷ್ಟಾಂಗಹೃದಯದಲ್ಲಿ ಋತುಚರ್ಯೆಗೆಂದೇ, ಅಂದರೆ ಋತುವಿಗೆ ತಕ್ಕ ಊಟ ನಡವಳಿಕೆಗೆಂದೇ, ಒಂದು ಅಧ್ಯಾಯವಿದೆ. ಬೇಸಿಗೆಯಲ್ಲಿ ಕೂಡಿಕೊಂಡ ವಾತ ಮಳೆಗಾಲದಲ್ಲಿ ಕೆರಳುತ್ತದೆ, ಜಠರಾಗ್ನಿ ಮಂದವಾಗುತ್ತದೆ. ಹಳೆಯ ಧಾನ್ಯ ಉಣ್ಣಬೇಕು, ಹೊಳೆಯ ನೀರನ್ನೂ ಹಗಲು ನಿದ್ದೆಯನ್ನೂ ಬಿಡಬೇಕು ಎನ್ನುತ್ತದೆ ಅದು. ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಲ್ಲುತ್ತಿದ್ದ ನಮ್ಮವರಿಗೆ ಜ್ವರದ ಕಾಲವೂ ಅದೇ. ಹಾಲೆಯನ್ನು ಗ್ರಂಥಗಳು ಸಪ್ತಪರ್ಣ ಎಂದು ಕರೆದು ಜ್ವರಕ್ಕೆ ಹೇಳುತ್ತವೆ; ಚರಕಸಂಹಿತೆ ಅದನ್ನು ಚರ್ಮರೋಗದ ಹತ್ತು ಔಷಧಿಗಳ ಗುಂಪಿನಲ್ಲಿ ಸೇರಿಸಿದೆ. ಕಷಾಯದ ಬಳಿಕ ಮೆಂತೆಗಂಜಿ ಕುಡಿಯುವುದು ಮಾತ್ರ ನಮ್ಮೂರಿನದೇ ವಿವೇಕ. ತಂಪಿಗೆ ಎಂದು ಅಮ್ಮ ಹೇಳುತ್ತಾರೆ, ಗ್ರಂಥಗಳಲ್ಲಿ ಮೆಂತೆಯೂ ಉಷ್ಣವೇ. ಇಬ್ಬರಲ್ಲಿ ಯಾರು ಸರಿ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಆ ಗಂಜಿಯಿಲ್ಲದೆ ಆ ಕಹಿಯನ್ನು ನುಂಗಿದ ನೆನಪೂ ನನಗಿಲ್ಲ.

ಈಗ ನನ್ನನ್ನು ಕಾಡುವ ವಿಷಯ ಬೇರೆ. ಮರದ ಗುರುತೇ ಇಲ್ಲದವರು ಕತ್ತಲಲ್ಲಿ ಹೋಗಿ ಸಿಕ್ಕ ಮರದ ತೊಗಟೆ ತರುತ್ತಿದ್ದಾರೆ. ಅದೇ ಗುಡ್ಡದಲ್ಲಿ ಕಾಸರಕವೂ ಬೆಳೆಯುತ್ತದೆ. ಅದರ ಬೀಜವೂ ವಿಷ, ತೊಗಟೆಯೂ ವಿಷ. ಹಾಲೆಮರಕ್ಕೆ ಗಾಯ ಮಾಡಿದರೆ ಬಿಳಿ ಹಾಲು ಒಸರುತ್ತದೆ, ಎಲೆಗಳು ಒಂದೇ ಗಿಣ್ಣಿನಿಂದ ಕೊಡೆಯಂತೆ ಸುತ್ತಲೂ ಹರಡಿರುತ್ತವೆ, ಹೆಚ್ಚಾಗಿ ಏಳು. ಕಾಸರಕದಲ್ಲಿ ಹಾಲಿಲ್ಲ, ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಇಷ್ಟನ್ನು ಓದಿ ಯಾರೂ ಗುಡ್ಡಕ್ಕೆ ಹೊರಡಬೇಡಿ. ಬಲ್ಲವರನ್ನು ಕರೆದುಕೊಂಡು ಹೋಗಿ. ಗರ್ಭಿಣಿಯರು, ಎಳೆಯ ಮಕ್ಕಳು, ದಿನವೂ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಅಪ್ಪನಿಗೆ ಈಗ ಎಪ್ಪತ್ತನಾಲ್ಕು, ಮೊಣಕಾಲು ನೋವು. ಕಳೆದ ವರ್ಷ, "ಇನ್ನು ನೀನೇ ತರಬೇಕು" ಎಂದರು. ಬೆಂಗಳೂರಿನಿಂದ ಅಮಾವಾಸ್ಯೆಯ ಹಿಂದಿನ ದಿನ ಬಂದರೆ ಸಾಕೇ ಎಂದು ಕೇಳಿದೆ. "ಸಾಲದು ಮಗಾ, ಮೇ ತಿಂಗಳಲ್ಲಿ ಬಾ. ಬಿಸಿಲಿರುವಾಗ ಎಲೆ ಎಣಿಸಿ, ಮರದ ಗುರುತು ಹಿಡಿ" ಎಂದರು. ರಜೆಗೆ ಅರ್ಜಿ ಹಾಕಿದ್ದೇನೆ.