ಗೀಸರ್ ಲೆಕ್ಕ ಬಕೆಟ್‌ನಲ್ಲಿ

ಗೃಹಜ್ಯೋತಿ ಬಂದ ಮೇಲೆ ಕರೆಂಟ್ ಬಿಲ್ಲನ್ನು ನಾನು ಬೇರೆ ಥರ ನೋಡುತ್ತೇನೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಅದರೊಳಗೇ ಇದ್ದರೂ, 2022-23ರ ನಮ್ಮ ಸರಾಸರಿಗೆ ಶೇಕಡಾ 10 ಸೇರಿಸಿದ ಮಿತಿ ಮೀರಿದರೆ ಹೆಚ್ಚಿನ ಯೂನಿಟ್‌ಗಳಿಗೆ ದುಡ್ಡು. ಚಳಿಗಾಲದಲ್ಲಿ ನಮ್ಮನ್ನು ಆ ಗೆರೆ ದಾಟಿಸುವುದು ಗೀಸರ್.

ನಾನು ಲೆಕ್ಕ ಹಾಕುವುದು ಬಕೆಟ್‌ನಲ್ಲಿ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 1.16 ವ್ಯಾಟ್-ಅವರ್ ಬೇಕು; ಸಾವಿರ ವ್ಯಾಟ್-ಅವರ್ ಸೇರಿದರೆ ಒಂದು ಯೂನಿಟ್. ಮೈಸೂರಿನ ಚಳಿಯಲ್ಲಿ ನಲ್ಲಿ ನೀರು 22 ಡಿಗ್ರಿ ಅಂದುಕೊಳ್ಳಿ. ಸ್ನಾನಕ್ಕೆ 40 ಸಾಕು. 20 ಲೀಟರಿನ ಬಕೆಟ್‌ಗೆ 0.42 ಯೂನಿಟ್ ಆಯಿತು. ಮನೆಯಲ್ಲಿ ನಾಲ್ಕು ಜನ, ತಲೆಗೊಂದು ಬಕೆಟ್ ಅಂದರೆ ತಿಂಗಳಿಗೆ 50 ಯೂನಿಟ್. ಶವರ್ ಆದರೆ ಬೇರೆ ಮಾತು. ನಿಮಿಷಕ್ಕೆ 8 ಲೀಟರ್ ಸುರಿಯುವ ಶವರ್ ಕೆಳಗೆ 8 ನಿಮಿಷ ನಿಂತರೆ ಮೂರು ಬಕೆಟ್ ಖಾಲಿ.

ಇನ್ನೊಂದು ಸೋರಿಕೆ ಕಣ್ಣಿಗೆ ಕಾಣುವುದಿಲ್ಲ. ಸ್ವಿಚ್ ಆನ್ ಇದ್ದಷ್ಟು ಹೊತ್ತೂ ಟ್ಯಾಂಕಿನ ನೀರು ತಣ್ಣಗಾಗುತ್ತಲೇ ಇರುತ್ತದೆ, ಕಾಯಿಲ್ ಮತ್ತೆ ಮತ್ತೆ ಕಾಯಿಸುತ್ತದೆ. ಅದಕ್ಕೇ ನಮ್ಮಲ್ಲಿ ಈಗ ಸ್ನಾನ ಒಬ್ಬರ ಹಿಂದೆ ಒಬ್ಬರದು. ಕೊನೆಯವರು ಬಚ್ಚಲಿಗೆ ಹೋಗುವಾಗಲೇ ಸ್ವಿಚ್ ಆಫ್. 15 ಲೀಟರ್ ಟ್ಯಾಂಕಿನಲ್ಲಿ 60 ಡಿಗ್ರಿಯ ನೀರಿದ್ದರೆ, ತಣ್ಣೀರು ಬೆರೆಸಿಕೊಂಡು ಒಬ್ಬರಿಗೆ ಧಾರಾಳ. ಅತ್ತೆಯವರಿಗೆ ಮಾತ್ರ ಈ ನಿಯಮ ಇಲ್ಲ. ಮಂಡಿನೋವಿನವರು ಬಿಸಿಲೇರಿದ ಮೇಲೆ ನಿಧಾನವಾಗಿ ಸ್ನಾನ ಮಾಡಲಿ, ಅದರಲ್ಲಿ ಉಳಿತಾಯ ನೋಡಬಾರದು ಅಲ್ವಾ?

ಹೊಸ ಗೀಸರ್ ಕೊಳ್ಳುವವರು ಸ್ಟಾರ್ ನೋಡಿ. ಕಾಯಿಸುವುದರಲ್ಲಿ ಎಲ್ಲ ಎಲೆಕ್ಟ್ರಿಕ್ ಗೀಸರ್‌ಗಳೂ ಹೆಚ್ಚುಕಡಿಮೆ ಒಂದೇ. ಸುಮ್ನೆ ಬಿಟ್ಟ ಬಿಸಿನೀರು 24 ಗಂಟೆಯಲ್ಲಿ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಅನ್ನುವುದರ ಮೇಲೆ ಸ್ಟಾರ್ ಸಿಗುತ್ತದೆ. ಬೋರ್‌ವೆಲ್ ನೀರಿನವರು ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವನ್ನು ಆಗಾಗ ತೆಗೆಸಿ, ಇಲ್ಲದಿದ್ದರೆ ಕಾಯಿಲ್ ಬೇಗ ಸುಟ್ಟುಹೋಗುತ್ತದೆ.

ನಮ್ಮದು ಬಾಡಿಗೆ ಮನೆ. ಸೋಲಾರ್ ಹಾಕಿಸುವ ಬಗ್ಗೆ ಮಾಲೀಕರ ಜೊತೆ ಮಾತು ನಡೆದಿದೆ. ಮಳೆಗಾಲದ ಮೋಡದ ದಿನಗಳಿಗೆ ಗೀಸರ್ ಇದ್ದೇ ಇರುತ್ತದೆ. ನನ್ನ ಚಿಂತೆ ಪೈಪಿನದು. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ. ತಾರಸಿಯಿಂದ 20 ಮೀಟರ್ ಸುತ್ತಿ ಬಂದರೆ, 5 ಲೀಟರ್ ತಣ್ಣೀರು ಹೋದ ಮೇಲೆಯೇ ಬಿಸಿನೀರು. ಹಾಗಾಗಿ ಪೈಪ್ ಬಚ್ಚಲಿಗೆ ನೇರವಾಗಿ ಇಳಿಯಲಿ, ಮೇಲೆ ಹೊದಿಕೆಯೂ ಇರಲಿ ಎಂದು ಈಗಲೇ ಹೇಳಿಟ್ಟಿದ್ದೇನೆ.