ಸುರಪುರದ ಪತ್ರಗಳ ಪಟ್ಟಿ: ಕೆಲಸ ಎಲ್ಲಿಗೆ ಬಂತು

ಈಗಿನ ಯಾದಗಿರಿ ಜಿಲ್ಲೆಯ ಸುರಪುರ ಸಂಸ್ಥಾನದ ಪತ್ರಗಳ ಪಟ್ಟಿ ಈಗ ಒಂದು ಆಕಾರಕ್ಕೆ ಬಂದಿದೆ. ಹೊಸದಾಗಿ ಓದುವವರಿಗೆ ಎರಡು ಮಾತು. ಸುರಪುರದ ಅರಸರು, ನಿಜಾಮರ ಹೈದರಾಬಾದಿನಲ್ಲಿದ್ದ ಕಂಪನಿಯ ಪ್ರತಿನಿಧಿ (ರೆಸಿಡೆಂಟ್), ಕಲ್ಕತ್ತೆಯ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ, ಇವರ ನಡುವೆ ಓಡಾಡಿದ ಪತ್ರಗಳು ಎಲ್ಲೆಲ್ಲಿ ಉಳಿದಿವೆ ಅಂತ ಹುಡುಕಿ ಒಂದೇ ಎಕ್ಸೆಲ್ ಶೀಟಿನಲ್ಲಿ ಕೂಡಿಸುತ್ತಿದ್ದೇನೆ. ಕೃಷ್ಣಪ್ಪ ನಾಯಕರು ಪಟ್ಟಕ್ಕೆ ಬಂದ 1828ರಿಂದ ಶುರು. ಬ್ರಿಟಿಷರು ಸಂಸ್ಥಾನವನ್ನು ನಿಜಾಮರಿಗೆ ಬಿಟ್ಟುಕೊಟ್ಟ 1860ಕ್ಕೆ ಕೊನೆ. ಕಂಪನಿಯ ಆಳ್ವಿಕೆ 1858ಕ್ಕೇ ಮುಗಿದಿತ್ತು ನಿಜ. ಆದರೆ ಆ ಎರಡು ವರ್ಷ ಬಿಟ್ಟರೆ ಸುರಪುರದ ಕಥೆ ಅರ್ಧಕ್ಕೆ ನಿಲ್ಲುತ್ತದೆ.

ಯಾದಗಿರಿ ಕಡೆಯವರಿಗೆ ಕೃಷ್ಣಪ್ಪ ನಾಯಕರ ಮಗ, ಸುರಪುರದ ಕೊನೆಯ ಅರಸ ನಾಲ್ವಡಿ ವೆಂಕಟಪ್ಪ ನಾಯಕರ ಹೆಸರು ಹೇಳಿಕೊಡಬೇಕಿಲ್ಲ. ಬ್ರಿಟಿಷರ ವಿರುದ್ಧದ 1858ರ ಹೋರಾಟವೂ ಗೊತ್ತು, ಗುಡ್ಡದ ಮೇಲಿನ ಟೇಲರ್ ಮಂಜಿಲ್ ಕೂಡ ಗೊತ್ತು. ಆದರೆ ಈ ಕಥೆಯ ಬಹುಪಾಲು ನಮಗೆ ಒಬ್ಬರ ಬಾಯಿಂದ ಬಂದಿದೆ. ಅವರು ವೆಂಕಟಪ್ಪ ನಾಯಕರು ಬಾಲಕರಾಗಿದ್ದಾಗ ಸುರಪುರದಲ್ಲಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್. ಅವರ ಆತ್ಮಕಥೆ ಅವರು ತೀರಿಕೊಂಡ ಮೇಲೆ, 1877ರಲ್ಲಿ, ಮಗಳ ಕೈಯಿಂದ ಹೊರಬಂತು. ವೆಂಕಟಪ್ಪ ನಾಯಕರ ತಾಯಿ ರಾಣಿ ಈಶ್ವರಮ್ಮನವರು ಏನು ಹೇಳಿದರು, ಬಾಲಕ ರಾಜರು ಏನು ಕೇಳಿದರು, ಎಲ್ಲಾ ಅದರಲ್ಲಿದೆ. ಎಲ್ಲಾ ಟೇಲರ್ ಸಾಹೇಬರು ನೆನೆಸಿಕೊಂಡ ಹಾಗೆ ಇದೆ. ನಾನು ಅವರನ್ನು ಇಷ್ಟಪಡುತ್ತೇನೆ. ಬೋನಾಳ ಕೆರೆ ದೊಡ್ಡದು ಮಾಡಿಸಿದವರು, ನಮ್ಮ ರಾಜನಕೋಳೂರಿನ ಕಲ್ಲುಗೋರಿಗಳನ್ನು ಅಳೆದು ಲೋಕಕ್ಕೆ ತಿಳಿಸಿದವರು. ಅದಕ್ಕೇ ಅವರ ಮಾತಿನ ಪಕ್ಕದಲ್ಲಿ ಬೇರೆಯವರ ಕಾಗದಗಳನ್ನೂ ಇಟ್ಟು ಓದಬೇಕು ಅಂತ ನನಗೆ ಅನ್ನಿಸಿದ್ದು.

ಈ ಸಲದ ದೊಡ್ಡ ಬದಲಾವಣೆ ಅಂದರೆ ಶೀಟಿಗೆ ಸೇರಿಸಿದ ಒಂದು ಕಾಲಂ: ‘ಯಾರ ಕೈ ದಾಟಿ ಬಂತು’. ಸುರಪುರದಿಂದ ಹೊರಟ ಮಾತು ಕಲ್ಕತ್ತೆ ಮುಟ್ಟಲು ಮೊದಲು ಸುರಪುರದಲ್ಲಿದ್ದ ಅಧಿಕಾರಿಯ ಕೈಗೆ ಬರಬೇಕು. ಅಲ್ಲಿಂದ ಹೈದರಾಬಾದಿನ ರೆಸಿಡೆನ್ಸಿಗೆ, ಆಮೇಲೆ ಗವರ್ನರ್ ಜನರಲ್ ಕಚೇರಿಗೆ. ಪ್ರತಿ ಮೆಟ್ಟಿಲಲ್ಲೂ ಒಬ್ಬ ಬರೆಯುವವ, ಒಬ್ಬ ತರ್ಜುಮೆ ಮಾಡುವವ, ಒಬ್ಬ ಸಾರಾಂಶ ತೆಗೆಯುವವ. ಇದರ ಮೇಲೆ ಇನ್ನೊಂದು ತೊಡಕಿದೆ. ಟೇಲರ್ ಕಂಪನಿಯ ಸ್ವಂತ ಅಧಿಕಾರಿಯೇ ಅಲ್ಲ. ಅವರು ನಿಜಾಮರ ಸೈನ್ಯದ ಕ್ಯಾಪ್ಟನ್. ಸುರಪುರ ನಿಜಾಮರಿಗೆ ಕಪ್ಪ ಕೊಡುವ ಸಂಸ್ಥಾನ. ಆದರೆ ಅಲ್ಲಿ ಏನಾಗಬೇಕು ಅಂತ ಹೇಳುತ್ತಿದ್ದವರು ಕಂಪನಿಯ ರೆಸಿಡೆಂಟ್. ಹೀಗಿದ್ದಾಗ ಒಂದು ಪತ್ರದ ಕೆಳಗೆ ಟೇಲರ್ ರುಜು ಇದ್ದರೆ ಅದು ಯಾರ ಮಾತು? ಕಾಲಂ ತುಂಬುವಾಗ ಪ್ರತಿ ಸಲ ಇದನ್ನು ಕೇಳಿಕೊಳ್ಳಲೇಬೇಕು.

ಬಹಳಷ್ಟು ಕಾಗದಗಳ ಬೇರು ದುಡ್ಡಿನಲ್ಲಿದೆ. ಕೃಷ್ಣಪ್ಪ ನಾಯಕರು ಪಟ್ಟಕ್ಕೆ ಬಂದಾಗ ನಿಜಾಮರಿಗೆ 15 ಲಕ್ಷ ರೂಪಾಯಿ ನಜರಾಣೆ (ಪಟ್ಟಕ್ಕೆ ಬಂದವರು ಒಪ್ಪಿಸುವ ಕಾಣಿಕೆ) ಕೊಡಲು ಒಪ್ಪಿದರು. ಆ ಕಾಲಕ್ಕೆ, ಅಷ್ಟು ಚಿಕ್ಕ ಸೀಮೆಗೆ, ಎತ್ತಲಾಗದ ಹೊರೆ. ಅಲ್ಲಿಂದ ಮುಂದೆ ಬಾಕಿ, ತಗಾದೆ, ಸಾಲ, ಮತ್ತೆ ತಗಾದೆ. 1841ರಲ್ಲಿ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ಇನ್ನೂ ಚಿಕ್ಕ ಹುಡುಗ. ಒಂದು ಕಡೆ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ತೀರಿಕೊಂಡವರ ತಮ್ಮ ಪಿಡ್ಡ ನಾಯಕ. ಮನೆಯ ಜಗಳ ರೆಸಿಡೆನ್ಸಿಯ ಫೈಲಿಗೆ ಹತ್ತಿತು. ಮೊದಲು ಕ್ಯಾಪ್ಟನ್ ಗ್ರೆಸ್ಲಿ ಬಂದರು, ಅವರ ಹಿಂದೆ ಟೇಲರ್.

ಪಟ್ಟಿಯಲ್ಲಿ ಪರ್ಷಿಯನ್ ಕಾಗದಗಳೂ ಇರುವುದರಿಂದ ನನ್ನ ಪರ್ಷಿಯನ್ ಪಾಠವೂ ಮುಂದುವರಿದಿದೆ. ಕಲಬುರಗಿಯಲ್ಲಿ ಹಳೆಯ ಕಾಗದ ಓದಬಲ್ಲ ಹಿರಿಯರೊಬ್ಬರು ಹೇಳಿಕೊಡುತ್ತಿದ್ದಾರೆ. ಅಕ್ಷರಕ್ಕೆ ಕೈ ಹಾಕುವ ಮುಂಚೆಯೇ ತಡೆದರು. “ಮೊದಲು ಮುದ್ರೆ ಎಲ್ಲಿದೆ ನೋಡಪ್ಪ, ಓದೋದು ಆಮೇಲೆ.” “ಯಾಕ್ರೀ ಚಾಚಾ?” ಅಂದೆ. “ಯಾರು ದೊಡ್ಡವರು ಅಂತ ಅದೇ ಹೇಳ್ತದೆ.” ನಿಜ. ಬಾದಶಹರ ಫರ್ಮಾನಿನಲ್ಲಿ ಮುದ್ರೆ ತಲೆಯ ಮೇಲೆ ಕೂರುತ್ತದೆ. ಕೆಳಗಿನವರು ಮೇಲಿನವರಿಗೆ ಬರೆದ ಅರ್ಜಿಯಲ್ಲಿ ಅದು ಕಾಗದದ ಹಿಂಬದಿಗೆ ಹೋಗುತ್ತದೆ.

ಖರೀತಾ ಅನ್ನುವ ರಾಜಪತ್ರದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದ್ದೇ ಈ ಪಾಠದ ಖುಷಿ. ಉದ್ದನೆಯ ಕಾಗದ. ಮೈತುಂಬಾ ಚಿನ್ನದ ಪುಡಿ ಎರಚಿದ ಚುಕ್ಕಿಗಳು. ಮೇಲಿನ ಅರ್ಧ ಬಹುತೇಕ ಖಾಲಿ. ಮಾತು ಶುರುವಾಗುವುದೇ ಕೆಳಗೆ, ಬಲಗಡೆ ಅಗಲವಾದ ಅಂಚು ಬಿಟ್ಟು. ಸಾಲುಗಳು ಎಡತುದಿಗೆ ಬರುತ್ತಾ ಮೇಲಕ್ಕೆ ಬಾಗುತ್ತವೆ. ಬರಹ ಶಿಕಸ್ತಾ ಅನ್ನುವ ಓಟದ ಶೈಲಿ, ಅಕ್ಷರಗಳ ಚುಕ್ಕಿಗಳು ಅರ್ಧಕ್ಕರ್ಧ ಮಾಯ. ಮಡಚಿದ ಪತ್ರವನ್ನು ಜರಿ ಬಟ್ಟೆಯ ಚೀಲಕ್ಕೆ ಹಾಕಿ, ದಾರ ಕಟ್ಟಿ, ಅರಗಿನ ಮುದ್ರೆ ಒತ್ತಿ ಕಳಿಸುತ್ತಿದ್ದರು. ಒಳಗೆ ಮೊದಲು ಬಿರುದುಗಳು, ಆಮೇಲೆ ಕ್ಷೇಮ ಸಮಾಚಾರ, ಕೊನೆಗೆ ವಿಷಯ. ಯಾರಿಗೆ ಯಾವ ಬಿರುದು ಬರೆಯಬೇಕು ಅಂತ ಕಂಪನಿಯ ಪರ್ಷಿಯನ್ ಕಚೇರಿ ಪಟ್ಟಿಯನ್ನೇ ಇಟ್ಟುಕೊಂಡಿತ್ತು.

ಇದು ಬರೀ ಶಿಷ್ಟಾಚಾರ ಅನ್ನುವಂತಿಲ್ಲ. 1829ರ ತನಕ ನಿಜಾಮರು ಗವರ್ನರ್ ಜನರಲ್‌ಗೆ ಬರೆಯುವಾಗ ದೊರೆಯ ಗತ್ತಿನಲ್ಲೇ ಬರೆಯುತ್ತಿದ್ದರು. ಗವರ್ನರ್ ಜನರಲ್ ತನ್ನನ್ನು ಕೆಳಗಿನವನಾಗಿ ಕರೆದುಕೊಂಡು ಉತ್ತರ ಕೊಡಬೇಕಿತ್ತು. ಆ ವರ್ಷ ನಾಸಿರುದ್ದೌಲಾ ಪಟ್ಟಕ್ಕೆ ಬಂದಾಗ ಅದು ಬದಲಾಯಿತು, ಇಬ್ಬರೂ ಸರಿಸಮ ಅಂತ ಆಯಿತು. ಸೈನ್ಯದ ಬಲ ಎಂದೋ ಕಂಪನಿ ಕಡೆ ವಾಲಿತ್ತು. ಕಾಗದ ಅದನ್ನು ಒಪ್ಪಿಕೊಂಡಿದ್ದು ಮಾತ್ರ 1829ರಲ್ಲಿ. ಕೃಷ್ಣಪ್ಪ ನಾಯಕರು ಪಟ್ಟಕ್ಕೆ ಬಂದು ಆಗಿನ್ನೂ ಒಂದು ವರ್ಷ. ಸುರಪುರದ ಪತ್ರಗಳನ್ನು ಈ ಬೆಳಕಿನಲ್ಲಿ ಓದಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹುಡುಕುವವರಿಗೆ ಉಪಯೋಗವಾಗುವ ಒಂದೆರಡು ಸಂಗತಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ್ ತಾಣದಲ್ಲಿ ಫಾರಿನ್ ಡಿಪಾರ್ಟ್‌ಮೆಂಟ್ ಫೈಲುಗಳನ್ನು ಮನೆಯಿಂದಲೇ ಹುಡುಕಬಹುದು. ಸುರಪುರ ಅಂತ ಮಾತ್ರ ಹುಡುಕಿದರೆ ಸಾಲದು. ಶೋರಾಪುರ್, ಶೋರಾಪೂರ್, ಸೋರಾಪುರ್, ಎಲ್ಲಾ ಹಾಕಿ ನೋಡಬೇಕು. ಪರ್ಷಿಯನ್ ಕಾಗದಗಳಿಗೆ ಕಂಪನಿ ಬೇರೆ ಬೇರೆ ಸರಣಿ ಇಟ್ಟಿತ್ತು: ಬಂದ ಮೂಲಪತ್ರ, ಅದರ ನಕಲು, ಅದರ ತರ್ಜುಮೆ, ಸಾರಾಂಶ, ಹೊರಟ ಪತ್ರದ ನಕಲು. ಒಂದೇ ಪತ್ರ ಎರಡು ಮೂರು ಕಡೆ ಸಿಗಬಹುದು, ಹಾಗಾಗಿ ಶೀಟಿನಲ್ಲಿ ಇವನ್ನು ಬೇರೆ ಬೇರೆ ಸಾಲಿನಲ್ಲೇ ಇಡುತ್ತೇನೆ. ತಾರೀಖಿನ ವಿಷಯ: ಹಿಜರಿ ವರ್ಷ ನಮ್ಮ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು, ಆದ್ದರಿಂದ ಸುಮ್ನೆ ಒಂದು ಸಂಖ್ಯೆ ಕೂಡಿಸಿದರೆ ಆಗಲ್ಲ. ಕಂದಾಯದ ಲೆಕ್ಕದ ಫಸಲಿ ವರ್ಷ ಸುಲಭ, 590 ಕೂಡಿಸಿದರೆ ಇಸವಿಗೆ ಹತ್ತಿರ ಬರುತ್ತದೆ.

ಈಗ ನನ್ನನ್ನು ಜಾಸ್ತಿ ಹಿಡಿದಿಟ್ಟಿರುವುದು 1853. ಮೇ ತಿಂಗಳ ಒಪ್ಪಂದದಲ್ಲಿ ನಿಜಾಮರು ಬೀರಾರ್, ರಾಯಚೂರು ದೋಆಬ್, ನಳದುರ್ಗದ ಸೀಮೆಯನ್ನು ಕಂಪನಿಗೆ ವಹಿಸಿದರು. ಟೇಲರ್ ಅವರನ್ನು ನಳದುರ್ಗಕ್ಕೆ ಕಳಿಸಿದರು. ಅದೇ ವರ್ಷ ಸಂಸ್ಥಾನ ವೆಂಕಟಪ್ಪ ನಾಯಕರ ಕೈಗೆ ಬಂತು. ಇನ್ನೂ ಇಪ್ಪತ್ತು ತುಂಬದ ಹುಡುಗ. ರೆಸಿಡೆನ್ಸಿಯಲ್ಲೂ ಅದೇ ಗಡಿಬಿಡಿ: ಫ್ರೇಸರ್ ಹೋದರು, ಜಾನ್ ಲೋ ಬಂದರು, ಆಮೇಲೆ ಬುಶ್ಬಿ, 1857ರಲ್ಲಿ ಡೇವಿಡ್‌ಸನ್. ಹುಡುಗ ‘ಅಪ್ಪಾ’ ಅಂತ ಕರೆಯುತ್ತಿದ್ದ ಟೇಲರ್ ದೂರ ಹೋದರು. ಮೇಲಿನ ಕುರ್ಚಿಯಲ್ಲಿ ಕೂತವರಿಗೆ ಆ ಹುಡುಗನ ಮುಖವೇ ಗೊತ್ತಿಲ್ಲ. 1857ರ ದಂಗೆಯ ಗಾಳಿ ಬೀಸುವ ಮುಂಚೆಯೇ ನಂಬಿಕೆಯ ದಾರಿ ಕಡಿದು ಹೋಗಿತ್ತು ಅಂತ ನಾನು ತಿಳಿದಿದ್ದೇನೆ. ಅದಕ್ಕೆ 1853ರಿಂದ 1857ರ ತನಕದ ಫೈಲುಗಳನ್ನೇ ಮೊದಲು ಓದುತ್ತಿದ್ದೇನೆ.

ಮುಂದಿನದು ಗೊತ್ತಿರುವ ಸಂಗತಿ. 1858ರ ಫೆಬ್ರುವರಿ 8ರ ಕಾದಾಟದಲ್ಲಿ ಬ್ರಿಟಿಷರ ಕಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತರು. ರಾಜರು ಹೈದರಾಬಾದಿಗೆ ಹೋಗಿ ಅಲ್ಲಿ ಸಿಕ್ಕಿಬಿದ್ದರು. ಟೇಲರ್ ಸೆರೆಮನೆಗೆ ನೋಡಲು ಹೋದಾಗ ರಾಜರು ಅವರನ್ನು ತಬ್ಬಿಕೊಂಡು ಅತ್ತರು. ರಾಜರಿಗೆ ವಿಧಿಸಿದ ಮರಣದಂಡನೆ ಮೊದಲು ಜೀವಾವಧಿ ಗಡೀಪಾರಾಯಿತು, ಆಮೇಲೆ ಗವರ್ನರ್ ಜನರಲ್ ಅದನ್ನು ಚೆಂಗಲ್ಪಟ್ಟು ಕಡೆಯ ಕೋಟೆಯಲ್ಲಿ 4 ವರ್ಷದ ಸೆರೆಗೆ ಇಳಿಸಿದರು. ಅಲ್ಲಿಗೆ ಹೋಗುವ ದಾರಿಯಲ್ಲಿ ಕಾವಲು ಅಧಿಕಾರಿಯ ರಿವಾಲ್ವರಿನ ಗುಂಡಿಗೆ ರಾಜರ ಜೀವ ಹೋಯಿತು. ತಾವೇ ಹಾರಿಸಿಕೊಂಡರು ಅಂತ ಟೇಲರ್ ಬರೆದಿದ್ದಾರೆ. ಆದರೆ ಟೇಲರ್ ಆ ಜಾಗದಲ್ಲಿರಲಿಲ್ಲ. ಈ ಸಾಲಿನ ಮುಂದೆ ‘ಯಾರ ಕೈ ದಾಟಿ ಬಂತು’ ಅನ್ನುವ ಕಾಲಂ ತುಂಬುವುದು ನನಗೆ ಎಲ್ಲಕ್ಕಿಂತ ಮುಖ್ಯ. ಜೊತೆಯಲ್ಲಿದ್ದ ಅಧಿಕಾರಿ ರೆಸಿಡೆಂಟ್‌ಗೆ ಕೊಟ್ಟ ವರದಿಯನ್ನು ಹುಡುಕಲು ಶುರು ಮಾಡಿದ್ದೇನೆ.

ಇದರ ಜೊತೆಗೆ ಟೇಲರ್ ತಮ್ಮ ಸೋದರ ಬಂಧು ಹೆನ್ರಿ ರೀವ್‌ಗೆ ಬರೆದ ಪತ್ರಗಳಿವೆ, 1947ರಲ್ಲಿ ಅಚ್ಚಾಗಿವೆ. ಆತ್ಮಕಥೆ ಮುಪ್ಪಿನಲ್ಲಿ ಬರೆದದ್ದು. ಈ ಪತ್ರಗಳು ಆಗಿಂದಾಗ್ಗೆ ಬರೆದವು. ಎರಡನ್ನೂ ವರ್ಷ ವರ್ಷ ಹೋಲಿಸಿ ಮುಂದಿನ ಸಲ ಹಾಕುತ್ತೇನೆ. ಆಮೇಲೆ ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರದ ಸರದಿ.

ಸುರಪುರ, ಶಹಾಪುರ, ಹುಣಸಗಿ ಕಡೆಯ ಹಳೆಯ ಮನೆಗಳಲ್ಲಿ ಕಡತ, ಸನದು (ಅಧಿಕಾರ ಕೊಟ್ಟ ಪತ್ರ), ಮೋಡಿ ಅಕ್ಷರದ (ಮರಾಠಿಯ ಹಳೆಯ ಓಟದ ಲಿಪಿಯ) ಕಾಗದ ಇದ್ದರೆ ಒಂದು ಮಾತು ತಿಳಿಸಿ. ಕಾಗದ ನಿಮ್ಮ ಹತ್ತಿರವೇ ಇರಲಿ. ಹಗಲಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಎರಡೂ ಬದಿಯ ಫೋಟೊ ತೆಗೆದರೆ ಸಾಕು. ಹಿಂಬದಿ ಖಾಲಿ ಇದ್ದರೂ ತೆಗೆಯಿರಿ, ಮುದ್ರೆ ಅಲ್ಲೇ ಇರಬಹುದು. ದಯವಿಟ್ಟು ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ.