ಯಾರು ಏನು ಓದಿದರೆಂದು ಗ್ರಂಥಾಲಯದ ಕೌಂಟರಿಗೆ ಯಾಕೆ ನೆನಪಿರಬೇಕು?

ಬಳ್ಳಾರಿಯಲ್ಲಿ ಎಂ.ಎ. ಓದುವ ಸಂಡೂರಿನ ಹುಡುಗಿಯೊಬ್ಬಳು ಗ್ರಂಥಾಲಯಕ್ಕೆ ಬಂದು ಅಕ್ರಮ ಗಣಿಗಾರಿಕೆ ಕುರಿತ 2011ರ ಲೋಕಾಯುಕ್ತ ವರದಿ ಕೇಳಿದಳೆನ್ನಿ. ‘ಇದ್ಯಾಕ ಬೇಕವ್ವಾ ನಿನಗ?’ ಅಂತ ಕೌಂಟರಿನಿಂದ ಒಂದು ಮಾತು ಬಂದರೆ ಸಾಕು, ಆಕೆ ಮತ್ತೆ ಆ ಕಡೆ ಸುಳಿಯುವುದಿಲ್ಲ. ಮನೆಯಲ್ಲಿ ಯಾರಾದರೊಬ್ಬರು ಅದಿರಿನ ಲಾರಿ ಓಡಿಸುತ್ತಿರುತ್ತಾರೆ. ವರದಿಗೆ ನಿಷೇಧವಿಲ್ಲ, ಕಪಾಟಿಗೆ ಬೀಗವಿಲ್ಲ, ಓದು ಮಾತ್ರ ನಿಂತಿತು.

ಪುಸ್ತಕ ಎರವಲು ಕೊಡುವ ಹಳೆಯ ಬ್ರೌನ್ ಪದ್ಧತಿ ಈ ವಿಷಯದಲ್ಲಿ ಜಾಣ. ಪುಸ್ತಕದ ಕಾರ್ಡನ್ನು ಓದುಗರ ಚೀಲದಂಥ ಟಿಕೆಟಿನೊಳಗೆ ಸಿಕ್ಕಿಸಿ ಟ್ರೇಯಲ್ಲಿ ನಿಲ್ಲಿಸುತ್ತಿದ್ದರು. ಪುಸ್ತಕ ಬಂದಾಗ ಕಾರ್ಡು ಪುಸ್ತಕಕ್ಕೆ, ಟಿಕೆಟು ಓದುಗರಿಗೆ. ಒಯ್ದವರ ಗುರುತು ಅಲ್ಲಿಗೇ ಮುಗಿಯಿತು. ಇನ್ನೊಂದು ಹಳೆಯ ಕ್ರಮವಾದ ನ್ಯೂವಾರ್ಕ್ ಪದ್ಧತಿಯಲ್ಲಿ ಕಾರ್ಡಿನ ಮೇಲೆಯೇ ಸದಸ್ಯರ ಸಂಖ್ಯೆ ಬರೆಯುತ್ತಿದ್ದರಿಂದ ಹಿಂದೆ ಒಯ್ದವರ ಸಂಖ್ಯೆಯೆಲ್ಲ ಅಲ್ಲೇ ಉಳಿಯುತ್ತಿತ್ತು.

ಗ್ರಂಥಾಲಯದ ಲೆಕ್ಕವಿಡುವ ಕೋಹಾ ತಂತ್ರಾಂಶವೂ ನ್ಯೂವಾರ್ಕಿನ ಜಾತಿಯದೇ. ಪುಸ್ತಕ ರಿಟರ್ನ್ ಮಾಡಿದರೂ ಅದನ್ನು ಒಯ್ದ ದಾಖಲೆಯ ಸಾಲು ಅಳಿಯದೆ ‘ಓಲ್ಡ್ ಇಶ್ಯೂಸ್’ ಕೋಷ್ಟಕಕ್ಕೆ ಸದಸ್ಯರ ಸಂಖ್ಯೆ ಸಮೇತ ಹೋಗಿ ಕೂರುತ್ತದೆ. ಅಳಿಸಬೇಕೆಂದರೆ ಮೊದಲು ಹೆಸರಿಗೊಬ್ಬ ಸದಸ್ಯನನ್ನು ಸೃಷ್ಟಿಸಿ, ಅವನ ಬಾರೋವರ್ ನಂಬರನ್ನು (ಕೋಹಾ ತಾನೇ ಕೊಡುವ ಒಳಗಿನ ಸಂಖ್ಯೆ) ‘ಅನಾನಿಮಸ್ ಪೇಟ್ರನ್’ ಸೆಟ್ಟಿಂಗಿನಲ್ಲಿ ತುಂಬಿ. ಕಾರ್ಡ್ ನಂಬರು ಹಾಕಿದರೆ ಕೆಲಸ ಕೆಡುತ್ತದೆ. ಆಮೇಲೆ ‘ಬ್ಯಾಚ್ ಅನಾನಿಮೈಸ್’ ಸ್ಕ್ರಿಪ್ಟಿಗೆ 90 ದಿನದ ಗಡುವು ಕೊಟ್ಟು, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನಿಗೆ ಹಾಕಿದರೆ ರಾತ್ರಿ ತಾನಾಗಿ ಓಡಿ, ಹಳೆಯ ಸಾಲುಗಳಲ್ಲಿ ಓದುಗರ ಬದಲು ಆ ಹೆಸರಿಗಿರುವ ಸದಸ್ಯನ ಸಂಖ್ಯೆ ಕೂರುತ್ತದೆ. ತನ್ನ ಓದಿನ ಪಟ್ಟಿ ಇರಲಿ ಎನ್ನುವವರು ಖಾತೆಯಲ್ಲಿ ‘ಫಾರೆವರ್’ ಆರಿಸಿಕೊಂಡರಾಯಿತು.

‘ಹಾಳೆ ಹರಿದವರನ್ನ ಹಿಡಿಯೋದು ಹೆಂಗ್ರಿ?’ ಎಂಬ ತಕರಾರು ಬಂದೇ ಬರುತ್ತದೆ. ನ್ಯಾಯವಾದದ್ದೇ. ‘ಸ್ಟೋರ್ ಲಾಸ್ಟ್ ಬಾರೋವರ್’ ಚಾಲೂ ಮಾಡಿ. ಕೊನೆಗೆ ಒಯ್ದ ಒಬ್ಬರ ಗುರುತಷ್ಟೇ ಉಳಿದು, ಮುಂದಿನವರು ಪುಸ್ತಕ ವಾಪಸ್ ಕೊಟ್ಟಾಗ ಬದಲಾಗುತ್ತದೆ. ದಂಡ ವಸೂಲಿಗೆ ಅಷ್ಟು ಸಾಕು.

ಇಷ್ಟಕ್ಕೇ ಕೈ ತೊಳೆದುಕೊಳ್ಳಬೇಡಿ. ಸರ್ಕ್ಯುಲೇಷನ್ ಲಾಗಿನಲ್ಲಿ, ಸ್ಟ್ಯಾಟಿಸ್ಟಿಕ್ಸ್ ಕೋಷ್ಟಕದಲ್ಲಿ ಅದೇ ಸಂಖ್ಯೆ ಇನ್ನೂ ಇರುತ್ತದೆ. ಮೇಜಿನ ಡ್ರಾಯರಿನಲ್ಲಿ ಬಿದ್ದಿರುವ ಹಳೇ ಬ್ಯಾಕಪ್ ಪೆನ್‌ಡ್ರೈವಿನಲ್ಲಂತೂ ಇಡೀ ಜಾತಕವೇ ಇರುತ್ತದೆ.

‘ಆ ಹುಡುಗ ಏನೇನು ಒಯ್ದಾನ ನೋಡ್ರಿ’ ಎಂದು ವಿಭಾಗದಿಂದ ಫೋನು ಬಂದರೆ, ಯಾಕೆ ಬೇಕೆಂದು ಬರೆದು ಕಳಿಸಿ ಎನ್ನಬೇಕು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿದೆ. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ಬರೆದು ಕೊಡಿ ಎಂದೊಡನೆ ಇಂಥ ಫೋನುಗಳು ಅರ್ಧಕ್ಕರ್ಧ ಅಲ್ಲಿಗೇ ನಿಲ್ಲುತ್ತವೆ.

ಬಾಗಿಲ ಬಳಿಯ ರಿಜಿಸ್ಟರಿನಲ್ಲಿ ‘ಯಾವ ಪುಸ್ತಕ’ ಎಂಬ ಕಾಲಮ್ ಇದ್ದರೆ ಅದನ್ನು ಇವತ್ತೇ ಗೀಟು ಹೊಡೆದು ತೆಗೆಯಿರಿ. ಅದಕ್ಕೆ ಸ್ಕ್ರಿಪ್ಟೂ ಬೇಕಿಲ್ಲ.